ಸೆಕೆಂಡ್ ಲೈಫ್‌ನಲ್ಲಿ ತುಳಸಿಕಟ್ಟೆ ಕಟ್ಟೋಣ ಬನ್ನಿ

ವರ್ಚುವಲ್ ಜಗತ್ತಿನಲ್ಲಿ ಕಟ್ಟಲು ಕಲಿಯುವವರು ಹೆಚ್ಚಾಗಿ ಮೊದಲ ದಿನವೇ ಮನೆಗೆ ಕೈ ಹಾಕುತ್ತಾರೆ. ಬೇಡ. ನಮ್ಮ ಉಡುಪಿ ಕಡೆಯ ಅಂಗಳದ ತುಳಸಿಕಟ್ಟೆಯಿಂದ ಶುರು ಮಾಡಿ. ಅದರಲ್ಲಿ ಪೀಠ ಇದೆ, ಮೇಲಕ್ಕೆ ಸಪೂರವಾಗುವ ಭಾಗ ಇದೆ, ದೀಪ ಇಡುವ ಗೂಡು ಇದೆ, ಮಣ್ಣು ತುಂಬುವ ತಲೆ ಇದೆ. ಇಷ್ಟು ಬಂದರೆ ಮುಂದೆ ಹಂಚಿನ ಮನೆಯೂ ಕಷ್ಟವಲ್ಲ.

2003ರಲ್ಲಿ ಶುರುವಾದ ಆನ್‌ಲೈನ್ ವರ್ಚುವಲ್ ಜಗತ್ತು ಸೆಕೆಂಡ್ ಲೈಫ್ ಇದಕ್ಕೆ ಒಳ್ಳೆಯ ಜಾಗ, ಖಾತೆಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಸ್ವಂತ ಜಾಗ ಇಲ್ಲದವರಿಗೆ ಸ್ಯಾಂಡ್‌ಬಾಕ್ಸ್‌ಗಳಿವೆ, ಅಂದರೆ ಕಟ್ಟಿ ಅಭ್ಯಾಸ ಮಾಡುವ ಬಯಲುಗಳು.

ಮೊದಲು ಟೇಪು ಹಿಡಿದು ಅಂಗಳಕ್ಕೆ ಹೋಗಿ, ನಿಜವಾದ ಕಟ್ಟೆಯ ಅಳತೆ ಬರೆದುಕೊಳ್ಳಿ. ಸುಮ್ನೆ ಅಂದಾಜಿನಲ್ಲಿ ಕಟ್ಟಿದ್ದು ಯಾಕೋ ಸರಿ ಕಾಣುವುದಿಲ್ಲ. ಅಲ್ಲಿನ ಅವತಾರಗಳು, ಅಂದರೆ ನಮ್ಮ ಪರವಾಗಿ ಓಡಾಡುವ ಆಕೃತಿಗಳು, ನಮಗಿಂತ ಎತ್ತರ ಇರುವುದೇ ಜಾಸ್ತಿ, ಹಾಗಾಗಿ ಅಳತೆಯನ್ನು ಸ್ವಲ್ಪ ಹಿಗ್ಗಿಸಿಕೊಳ್ಳಿ.

ಈಗ ನೆಲದ ಮೇಲೆ ರೈಟ್ ಕ್ಲಿಕ್ ಮಾಡಿ ಬಿಲ್ಡ್ ಒತ್ತಿ, ಪೆಟ್ಟಿಗೆ ಆಕಾರ ಆರಿಸಿ ನೆಲಕ್ಕೆ ಕ್ಲಿಕ್ ಮಾಡಿದರೆ ಅರ್ಧ ಮೀಟರಿನ ಒಂದು ಪೆಟ್ಟಿಗೆ ಬರುತ್ತದೆ. ಇಂಥ ಮೂಲ ಆಕಾರಕ್ಕೆ ಪ್ರಿಮ್ ಎನ್ನುತ್ತಾರೆ, ಇದೇ ನಮ್ಮ ಪೀಠ. ಕೆಂಪು, ಹಸಿರು ಬಾಣ ಎಳೆದರೆ ಅಡ್ಡಡ್ಡ ಸರಿಯುತ್ತದೆ, ನೀಲಿ ಎಳೆದರೆ ಮೇಲೆ ಕೆಳಗೆ. ಅಳತೆಯನ್ನು ಮಾತ್ರ ಎಳೆದು ಸರಿ ಮಾಡಲು ಹೋಗಬೇಡಿ, ಆಬ್ಜೆಕ್ಟ್ ಟ್ಯಾಬಿನಲ್ಲಿ ಅಂಕಿಯನ್ನೇ ಹಾಕಿ. ಶಿಫ್ಟ್ ಒತ್ತಿಕೊಂಡು ನೀಲಿ ಬಾಣ ಎಳೆದರೆ ಇನ್ನೊಂದು ಪ್ರತಿ ಸಿಗುತ್ತದೆ. ಅದಕ್ಕೆ ಟೇಪರ್ ಕೊಟ್ಟರೆ ತುದಿ ಸಪೂರವಾಗುತ್ತದೆ.

ಗೂಡಿನಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಇಲ್ಲಿ ಪ್ರಿಮ್‌ನ ಗೋಡೆಯನ್ನು ಬೇಕಾದಲ್ಲಿ ಕೊರೆಯಲು ಬರುವುದಿಲ್ಲ. ಒಳಗೆ ಟೊಳ್ಳು ಮಾಡುವ ಹಾಲೋ ಕೊಟ್ಟರೆ ತೂತು ಮೇಲಿನಿಂದ ಕೆಳಗೆ ಬೀಳುತ್ತದೆ, ನಮಗೆ ಬೇಕಾದ್ದು ಎದುರಿಗೆ, ಅಲ್ವಾ? ಹಾಗಾಗಿ ಹೊಸ ಪೆಟ್ಟಿಗೆಗೆ ಹಾಲೋ 40 ಕೊಟ್ಟು, ಎಕ್ಸ್ ತಿರುಗುವಿಕೆಗೆ 90 ಹಾಕಿ ಮಲಗಿಸಿ. ತೂತು ಎದುರು ಬಂತು. ಹಿಂದಿನಿಂದ ತೆಳುವಾದ ಒಂದು ಪೆಟ್ಟಿಗೆ ಮುಚ್ಚಿದರೆ ಗೂಡು ಸಿದ್ಧ. ಮಲಗಿಸಿದ ಮೇಲೆ ಜೆಡ್ ಅಂಕಿ ಎತ್ತರ ಅಲ್ಲ, ಆಳ ಎನ್ನುವುದು ನೆನಪಿರಲಿ.

ತಲೆಗೂ ಹಾಲೋ ಪೆಟ್ಟಿಗೆಯೇ, ಮಲಗಿಸದೆ. ಒಳಗೆ ಮಣ್ಣಿನ ಬಣ್ಣದ ತೆಳು ಪೆಟ್ಟಿಗೆ. ಗಿಡಕ್ಕೆ ಎಲೆ ಎಲೆಯಾಗಿ ಕಟ್ಟುವುದು ಬೇಡ. ನಿಮ್ಮ ಮನೆಯ ತುಳಸಿಯ ಫೋಟೋ ತೆಗೆದು ಹಿನ್ನೆಲೆ ಅಳಿಸಿ ಪಿಎನ್‌ಜಿ ಮಾಡಿ, ಒಂದರೊಳಗೊಂದು ಅಡ್ಡ ನಿಲ್ಲಿಸಿದ ಎರಡು ತೆಳು ಹಲಗೆಗಳಿಗೆ ಅಂಟಿಸಿ. ಯಾವ ಕಡೆಯಿಂದ ನೋಡಿದರೂ ಗಿಡವೇ. ಚಿತ್ರ ಏರಿಸಲು ಅಲ್ಲಿನ ದುಡ್ಡಾದ ಲಿಂಡನ್ ಡಾಲರ್ ಖರ್ಚಾಗುತ್ತದೆ, ಆದ್ದರಿಂದ ಮೊದಲು ಚಿತ್ರ ಆರಿಸುವ ಕಿಟಕಿಯ ಲೋಕಲ್ ಆಯ್ಕೆಯಲ್ಲಿ ಪರೀಕ್ಷಿಸಿ. ಅದು ನಿಮಗೊಬ್ಬರಿಗೇ ಕಾಣುತ್ತದೆ, ಖರ್ಚಿಲ್ಲ.

ಕೊನೆಗೆ ಶಿಫ್ಟ್ ಒತ್ತಿ ಎಲ್ಲವನ್ನೂ ಆರಿಸಿ ಕಂಟ್ರೋಲ್ ಎಲ್ ಒತ್ತಿದರೆ ಒಂದಾಗುತ್ತವೆ. ಪೀಠವನ್ನೇ ಕೊನೆಯಲ್ಲಿ ಆರಿಸಿ, ಕೊನೆಗೆ ಆರಿಸಿದ್ದೇ ಇಡೀ ಜೋಡಣೆಯ ಬುಡವಾಗುತ್ತದೆ. ಹೆಸರು ಕೊಟ್ಟು, ಟೇಕ್ ಒತ್ತಿ ನಿಮ್ಮ ವಸ್ತುಗಳ ಉಗ್ರಾಣವಾದ ಇನ್ವೆಂಟರಿಗೆ ಹಾಕಿಕೊಳ್ಳಿ, ಸ್ಯಾಂಡ್‌ಬಾಕ್ಸಿನಲ್ಲಿ ಬಿಟ್ಟ ವಸ್ತು ಹೆಚ್ಚು ಹೊತ್ತು ಉಳಿಯುವುದಿಲ್ಲ.