ಬಿರುಸಾದ ಅಡ್ಡಗಾಳಿಯಲ್ಲಿ ಪ್ರೊಪೆಲ್ಲರ್ ವಿಮಾನವನ್ನು ಇಳಿಸುವ ಬಗೆ

ಅಡ್ಡಗಾಳಿಯಲ್ಲಿ ವಿಮಾನ ಇಳಿಸುವ ಕೆಲಸ ಶುರುವಾಗುವುದು ರನ್‌ವೇ ಕಣ್ಣಿಗೆ ಬೀಳುವುದಕ್ಕೂ ಮೊದಲು, ಒಂದು ಸಣ್ಣ ಲೆಕ್ಕದಿಂದ. ರನ್‌ವೇ 27ರಲ್ಲಿ, ಅಂದರೆ 270 ಡಿಗ್ರಿಯ ದಿಕ್ಕಿಗೆ ಮುಖಮಾಡಿ ಇಳಿಯಬೇಕಾಗಿದೆ, ಗಾಳಿ 310 ಡಿಗ್ರಿಯಿಂದ 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಬೀಸುತ್ತಿದ್ದು ಆಗಾಗ 26 ನಾಟ್‌ಗೆ ಏರುತ್ತಿದೆ ಎಂದಿಟ್ಟುಕೊಳ್ಳಿ. ರನ್‌ವೇಗೂ ಗಾಳಿಗೂ ನಡುವಿನ ಕೋನ 40 ಡಿಗ್ರಿ. ಅಂದರೆ ಗಾಳಿಯ ಸುಮಾರು ಮೂರನೇ ಎರಡು ಭಾಗ ಅಡ್ಡಲಾಗಿ ತಳ್ಳುತ್ತದೆ. ಸಾಧಾರಣ ಹೊತ್ತಿನಲ್ಲಿ ಈ ತಳ್ಳುವಿಕೆ 10 ನಾಟ್ ಇದ್ದರೆ, ಗಾಳಿ ರಭಸದಿಂದ ಬೀಸಿದಾಗ 17 ನಾಟ್ ಆಗುತ್ತದೆ. ಇಳಿಯಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಎರಡನೆಯ ಸಂಖ್ಯೆಯನ್ನೇ ಹಿಡಿಯಬೇಕು, ಏಕೆಂದರೆ ಚಕ್ರ ನೆಲ ಮುಟ್ಟುವ ಕ್ಷಣದಲ್ಲಿ ಯಾವ ಗಾಳಿ ಬೀಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಸೆಸ್ನಾ 172ಎಸ್ ವಿಮಾನದ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್ ಎಂದಿದೆ. ಅದು ನಿಷೇಧದ ಗೆರೆಯಲ್ಲ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ, ಆದರೆ ಆ ಸಂಖ್ಯೆಯನ್ನು ಸಾಧಿಸಿ ತೋರಿಸಿದವರು ನುರಿತ ಪರೀಕ್ಷಾ ಪೈಲಟ್‌ಗಳು ಎಂಬುದನ್ನೂ ನೆನಪಿಡಬೇಕು. ಹಾರಾಟದ ಗಂಟೆಗಳು ಕಡಿಮೆಯಿರುವವರು ಬೋಧಕರೊಂದಿಗೆ ಕುಳಿತು ತಮ್ಮದೇ ಮಿತಿಯನ್ನು ಅದಕ್ಕಿಂತ ಕೆಳಗೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮುಂದಿನದು ವೇಗ. ಸಾಧಾರಣ ಗಾಳಿಗೂ ಅದರ ಗರಿಷ್ಠ ರಭಸಕ್ಕೂ ಇರುವ ಅಂತರದ ಅರ್ಧವನ್ನು ಇಳಿಯುವ ವೇಗಕ್ಕೆ ಕೂಡಿಸುವುದು ರೂಢಿ. ಮೇಲಿನ ಉದಾಹರಣೆಯಲ್ಲಿ ಅಂತರ 10 ನಾಟ್, ಆದ್ದರಿಂದ 65ರಲ್ಲಿ ಬರುವವರು 70ರಲ್ಲಿ ಬರಬೇಕು. ಭಯಕ್ಕೆ ಇನ್ನೂ ಹತ್ತು ಸೇರಿಸುವ ಚಾಳಿ ಒಳ್ಳೆಯದಲ್ಲ. ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ನಿಲ್ಲಲು ಬೇಕಾಗುವ ದೂರ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ, ಜೊತೆಗೆ ವಿಮಾನ ನೆಲಕ್ಕಿಳಿಯದೆ ತೇಲುತ್ತಾ ಗಾಳಿಯ ಹೊಡೆತಕ್ಕೆ ಹೆಚ್ಚು ಹೊತ್ತು ಮೈಯೊಡ್ಡುತ್ತದೆ. ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಫ್ಲಾಪ್ ಎಂಬ ಹಲಗೆಗಳನ್ನು ಪೂರ್ತಿ ಇಳಿಸದೆ, ರನ್‌ವೇ ಉದ್ದ ಒಪ್ಪುವಷ್ಟು ಕಡಿಮೆ ಇಟ್ಟುಕೊಂಡರೆ ವಿಮಾನ ಸುಲಭವಾಗಿ ಮೇಲಕ್ಕೆ ಉಬ್ಬುವುದಿಲ್ಲ.

ಕೊನೆಯ ತಿರುವಿನಲ್ಲಿ ಗಾಳಿ ಬೆನ್ನ ಹಿಂದಿದ್ದರೆ ವಿಮಾನ ರನ್‌ವೇ ನೇರವನ್ನು ದಾಟಿ ಆಚೆ ಹೋಗುವುದುಂಟು. ಆಗ ಮೂತಿಯನ್ನು ರಡ್ಡರ್‌ನಿಂದ (ಕಾಲಿನ ಪೆಡಲ್‌ನಿಂದ ಆಡಿಸುವ ಬಾಲದ ಚುಕ್ಕಾಣಿಯಿಂದ) ಒತ್ತಿ ತಿರುಗಿಸಲು ಹೋದವರು ಕಡಿಮೆ ಎತ್ತರದಲ್ಲಿ ಸ್ಪಿನ್‌ಗೆ (ಗಿರಗಿರನೆ ತಿರುಗುತ್ತಾ ಕೆಳಗೆ ಬೀಳುವುದಕ್ಕೆ) ಸಿಲುಕಿದ ನಿದರ್ಶನಗಳಿವೆ. ದಾಟಿದರೆ ದಾಟಲಿ, ಮೇಲೆದ್ದು ಮತ್ತೊಂದು ಸುತ್ತು ಬಂದರಾಯಿತು.

ನೇರಕ್ಕೆ ಬಂದ ಮೇಲೆ ಮೊದಲು ಏಡಿಯ ನಡಿಗೆ: ಮೂತಿಯನ್ನು ಗಾಳಿಯ ಕಡೆಗೆ, ಈ ಉದಾಹರಣೆಯಲ್ಲಿ 8ರಿಂದ 14 ಡಿಗ್ರಿಯಷ್ಟು ಬಲಕ್ಕೆ ಇಟ್ಟುಕೊಂಡು, ರೆಕ್ಕೆಗಳನ್ನು ಮಟ್ಟವಾಗಿರಿಸಿ, ರನ್‌ವೇಯ ಮಧ್ಯಗೆರೆಯ ಮೇಲೆಯೇ ಸಾಗಬೇಕು. ಹಾಗೆಯೇ ನೆಲ ಮುಟ್ಟಿದರೆ ಚಕ್ರಗಳ ಮೇಲೆ ಅಡ್ಡ ಹೊರೆ ಬೀಳುತ್ತದೆ. ಆದ್ದರಿಂದ ರನ್‌ವೇ ಅಂಚು ಸಮೀಪಿಸಿದಾಗ ಎಡ ರಡ್ಡರ್ ಒತ್ತಿ ಮೂತಿಯನ್ನು ಗೆರೆಗೆ ನೇರ ಮಾಡಿ, ಅದೇ ಹೊತ್ತಿಗೆ ಬಲ ರೆಕ್ಕೆಯನ್ನು ತಗ್ಗಿಸಿ ಜಾರುವಿಕೆಯನ್ನು ತಡೆಯಬೇಕು. ಇಲ್ಲಿ ಕೈಗೂ ಕಾಲಿಗೂ ಬೇರೆ ಬೇರೆ ಕೆಲಸ. ವಿಮಾನ ಗೆರೆಯಿಂದ ಪಕ್ಕಕ್ಕೆ ಸರಿಯುತ್ತಿದ್ದರೆ ಅದು ಐಲೆರಾನ್‌ನ, ಅಂದರೆ ರೆಕ್ಕೆಯನ್ನು ಏರಿಸಿ ತಗ್ಗಿಸುವ ಹಲಗೆಯ ಸಮಸ್ಯೆ. ಮೂತಿ ಗೆರೆಯಿಂದ ಓರೆಯಾಗಿದ್ದರೆ ಅದು ರಡ್ಡರ್‌ನ ಸಮಸ್ಯೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇವೆರಡನ್ನು ಅದಲುಬದಲು ಮಾಡಿದಾಗ: ಪಕ್ಕಕ್ಕೆ ಸರಿದ ವಿಮಾನವನ್ನು ಪೆಡಲ್ ತುಳಿದು ಗೆರೆಗೆ ತರಲು ನೋಡುತ್ತಾರೆ, ಮೂತಿ ಮಾತ್ರ ತಿರುಗುತ್ತದೆ, ವಿಮಾನ ಸರಿಯುತ್ತಲೇ ಇರುತ್ತದೆ. ರಡ್ಡರ್ ಅನ್ನು ಕೊನೆಯವರೆಗೆ ಒತ್ತಿದರೂ ಮೂತಿ ನೇರವಾಗದಿದ್ದರೆ ಆ ರನ್‌ವೇಯಲ್ಲಿ ಅಂದು ಇಳಿಯುವಂತಿಲ್ಲ. ಇದಕ್ಕಿಂತ ಪ್ರಾಮಾಣಿಕವಾದ ಅಳತೆ ಯಾವ ಪಟ್ಟಿಯಲ್ಲಿಯೂ ಸಿಗದು, ನೆಲದ ಸಮೀಪಕ್ಕೆ ಹೋಗುವ ಮೊದಲೇ ಅದು ತಿಳಿದುಬಿಡುತ್ತದೆ.

ಬಿರುಸು ಗಾಳಿಯಲ್ಲಿ ಈ ಹೊಂದಾಣಿಕೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ನೆಲದ ಹತ್ತಿರ ಗಾಳಿ ಸಾಮಾನ್ಯವಾಗಿ ಕುಗ್ಗುತ್ತದೆ. ಮರಗಳ ಸಾಲೋ ಹ್ಯಾಂಗರೋ ಅಡ್ಡವಿದ್ದರೆ ಒಮ್ಮೆಲೇ ಇಲ್ಲವಾಗಿ, ಅದನ್ನು ದಾಟಿದೊಡನೆ ಮತ್ತೆ ಬಡಿಯುತ್ತದೆ. ಎಂಜಿನ್ ಶಕ್ತಿಯ ಹಿಡಿಕೆಯಾದ ಥ್ರಾಟಲ್ ಅನ್ನು ಪೂರ್ತಿ ಮುಚ್ಚಿಬಿಡದೆ ಸ್ವಲ್ಪ ತೆರೆದಿಟ್ಟುಕೊಂಡರೆ, ಮೂತಿಯಲ್ಲಿ ಎಂಜಿನ್ ಇರುವ ವಿಮಾನಗಳಲ್ಲಿ ಪ್ರೊಪೆಲ್ಲರ್ ತಳ್ಳುವ ಗಾಳಿ ಬಾಲದ ಮೇಲೆ ಹರಿದು ರಡ್ಡರ್‌ಗೆ ಕಸುವು ಕೊಡುತ್ತದೆ.

ಮೊದಲು ನೆಲ ಮುಟ್ಟಬೇಕಾದದ್ದು ಗಾಳಿ ಬರುವ ಕಡೆಯ ಚಕ್ರ, ಅಂದರೆ ಇಲ್ಲಿ ಬಲ ಚಕ್ರ. ಆಮೇಲೆ ಎಡದ್ದು, ಕೊನೆಗೆ ಮೂತಿಯದು. ಮೂತಿಯ ಚಕ್ರ ರಡ್ಡರ್ ಪೆಡಲ್‌ಗೆ ಜೋಡಣೆಯಾಗಿರುವ ವಿಮಾನಗಳಲ್ಲಿ ಅದು ನೆಲ ತಾಗುವ ಮುನ್ನ ಪೆಡಲನ್ನು ಮಧ್ಯಕ್ಕೆ ತರದಿದ್ದರೆ ವಿಮಾನ ಒಮ್ಮೆಲೇ ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಮುಟ್ಟಿದೊಡನೆ ಕೈ ಸಡಿಲಿಸುವುದು ದೊಡ್ಡ ತಪ್ಪು. ವೇಗ ಕುಗ್ಗಿದಂತೆ ಐಲೆರಾನ್‌ನ ಹಿಡಿತವೂ ಕುಗ್ಗುವುದರಿಂದ ಯೋಕನ್ನು (ಐಲೆರಾನ್ ಆಡಿಸುವ ಕೈಚಕ್ರವನ್ನು) ಬಲಕ್ಕೆ ಹೆಚ್ಚು ಹೆಚ್ಚು ತಿರುಗಿಸುತ್ತಾ ಹೋಗಿ ಕೊನೆಗೆ ತುದಿ ಮುಟ್ಟಿಸಬೇಕು. ಇಲ್ಲದಿದ್ದರೆ ಬಲ ರೆಕ್ಕೆ ಎದ್ದು, ಬಾಲದ ಮೇಲೆ ಬೀಳುವ ಗಾಳಿ ಮೂತಿಯನ್ನು ಬಲಕ್ಕೆ ಎಳೆಯುತ್ತದೆ. ಬಾಲಚಕ್ರದ ವಿಮಾನಗಳಲ್ಲಿ ಇದೇ ಎಳೆತ ಗಿರಕಿಯಾಗಿ ಪರಿಣಮಿಸುತ್ತದೆ.

ವಿಮಾನ ಪುಟಿದರೆ, ಉಬ್ಬಿದರೆ, ಗೆರೆ ತಪ್ಪಿದರೆ ಪೂರ್ತಿ ಶಕ್ತಿ ಕೊಟ್ಟು ಮೇಲೇಳಬೇಕು. ಒಂದು ಸೂಕ್ಷ್ಮವಿದೆ: ಆ ಕ್ಷಣದಲ್ಲಿ ನಿಮ್ಮ ಎಡಗಾಲು ಪೆಡಲಿನ ಮೇಲೆ ಒತ್ತಿಕೊಂಡೇ ಇರುತ್ತದೆ. ಕಾಕ್‌ಪಿಟ್‌ನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲ್ಲರ್ ಶಕ್ತಿ ಏರಿದೊಡನೆ ಮೂತಿಯನ್ನು ಎಡಕ್ಕೇ ದೂಡುತ್ತದೆ. ಎರಡೂ ಕೂಡಿದರೆ ವಿಮಾನ ಎಡಕ್ಕೆ ಹಾಯುತ್ತದೆ, ಆದ್ದರಿಂದ ಥ್ರಾಟಲ್ ತಳ್ಳುವಾಗಲೇ ಎಡಗಾಲನ್ನು ಬಿಟ್ಟು ಬಲಗಾಲನ್ನು ಒತ್ತಬೇಕು.

ಇಳಿದು ರನ್‌ವೇಯ ಮೇಲೆಯೇ ಹಿಂದಿರುಗಿ ಟ್ಯಾಕ್ಸಿ ಮಾಡುವಾಗ ಅದೇ ಗಾಳಿ ಈಗ ಎಡ ಹಿಂಬದಿಯಿಂದ ಬೀಸುತ್ತಿರುತ್ತದೆ. ಯೋಕನ್ನು ಮುಂದಕ್ಕೆ ತಳ್ಳಿ, ಬಲಕ್ಕೆ ತಿರುಗಿಸಿ ಹಿಡಿದು, ನಿಧಾನವಾಗಿ ನಿಲುಗಡೆಗೆ ಬಂದು, ಎಂಜಿನ್ ನಿಂತ ಮೇಲೂ ಚಕ್ರಕ್ಕೆ ತಡೆ ಇಟ್ಟು ರೆಕ್ಕೆಗಳನ್ನು ಕಟ್ಟುವವರೆಗೆ ವಿಮಾನವನ್ನು ಬಿಟ್ಟು ಹೋಗಬಾರದು.