ಮೊಲದ ನೀರಿನ ಬಾಟಲಿ: ತುಂಬಿದ್ದರೆ ಸಾಲದು, ನೀರು ಬರಬೇಕು

ಎರಡು ಕಿಲೋ ತೂಗುವ ಮೊಲ ದಿನಕ್ಕೆ ಹೆಚ್ಚುಕಡಿಮೆ 100ರಿಂದ 300 ಮಿ.ಲೀ. ನೀರು ಕುಡಿಯುತ್ತದೆ. ಹಸಿ ಸೊಪ್ಪು ಜಾಸ್ತಿ ತಿಂದ ದಿನ ಕಡಿಮೆ. ಒಣಹುಲ್ಲು, ಪೆಲೆಟ್ (ಒತ್ತಿ ಮಾಡಿದ ಒಣ ಆಹಾರದ ತುಂಡು) ತಿಂದೇ ಇರುವ ಮೊಲಕ್ಕೆ ಹೆಚ್ಚು ಬೇಕು. ನೀರು ಸಿಗದ ಮೊಲ ಮೊದಲು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಅದರ ಹಿಂದೆಯೇ ಕರುಳು ನಿಧಾನವಾಗುತ್ತದೆ, ಹಿಕ್ಕೆ ಸಣ್ಣದಾಗಿ ಗಟ್ಟಿಯಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಇನ್ನೊಂದು ಕಡೆ, ಆಹಾರದಲ್ಲಿರುವ ಹೆಚ್ಚುವರಿ ಕ್ಯಾಲ್ಸಿಯಂ ಮೊಲದಲ್ಲಿ ಮೂತ್ರದ ಮೂಲಕವೇ ಹೊರಗೆ ಹೋಗಬೇಕು. ನೀರು ಕಡಿಮೆಯಾದರೆ ಅದು ಮೂತ್ರಕೋಶದ ತಳದಲ್ಲಿ ಕೂರುತ್ತದೆ. ಹೀಗಿರುವಾಗ ಬಾಟಲಿಯ ದೊಡ್ಡ ದೋಷ ಏನೆಂದರೆ, ಕೆಟ್ಟರೂ ಅದು ಗೊತ್ತಾಗುವುದಿಲ್ಲ. ನಳಿಗೆಯ ತುದಿಯಲ್ಲಿರುವ ಪುಟ್ಟ ಗುಂಡು ಕಚ್ಚಿಕೊಂಡು ಒಂದು ಹನಿಯೂ ಬರದಿದ್ದರೂ ಹೊರಗಿನಿಂದ ನೋಡಿದವರಿಗೆ ಬಾಟಲಿ ತುಂಬಿದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ.

ತಲೆಕೆಳಗಾಗಿ ಕಟ್ಟಿದ ಬಾಟಲಿಯಿಂದ ನೀರು ಸುರಿಯದೆ ನಿಲ್ಲುವುದು ಗುಂಡಿನಿಂದ ಮಾತ್ರ ಅಲ್ಲ. ಬಾಟಲಿಯೊಳಗಿನ ಗಾಳಿಯ ಒತ್ತಡ ಹೊರಗಿನ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಅದೇ ನೀರನ್ನು ಹಿಡಿದಿಡುತ್ತದೆ. ಮೊಲ ನಾಲಿಗೆಯಿಂದ ಗುಂಡನ್ನು ಒಳಕ್ಕೆ ತಳ್ಳಿದಾಗ ನೀರು ಹೊರಗೆ ಬರುತ್ತದೆ, ಅದರ ಜಾಗಕ್ಕೆ ಗಾಳಿಯ ಗುಳ್ಳೆ ಮೇಲೇರುತ್ತದೆ. ಇಷ್ಟು ತಿಳಿದರೆ ಸೋರಿಕೆಯ ಮುಕ್ಕಾಲು ಪಾಲು ನೀವೇ ಸರಿಮಾಡಬಹುದು.

ಕೊಳ್ಳುವಾಗ ಬಾಟಲಿಗಿಂತ ಮೊದಲು ನಳಿಗೆಯನ್ನು ನೋಡಿ. ಅದು ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಬೇಕು. ಪ್ಲಾಸ್ಟಿಕ್ ನಳಿಗೆಯನ್ನು ಮೊಲ ಕಡಿದು ಹಾಕುತ್ತದೆ, ಲೇಪನ ಹಚ್ಚಿದ ಕಬ್ಬಿಣ ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಹ್ಯಾಮ್‌ಸ್ಟರ್‌ಗೆಂದು ಮಾರುವ ಸಣ್ಣ ನಳಿಗೆ ಮೊಲಕ್ಕೆ ಆಗದು, ಗಂಟೆಗಟ್ಟಲೆ ನೆಕ್ಕಿದರೂ ಬಾಯಾರಿಕೆ ತೀರುವುದಿಲ್ಲ. ತುದಿಯಲ್ಲಿ ಒಂದೇ ಗುಂಡಿರುವುದಕ್ಕಿಂತ ಎರಡು ಗುಂಡಿರುವ ನಳಿಗೆ ಕಡಿಮೆ ಸೋರುತ್ತದೆ, ಆದರೆ ಕೊಳೆ ಸೇರುವ ಜಾಗವೂ ಎರಡು. ತುದಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚೂಪಾಗಿದ್ದರೆ ಬೇಡ. ಮುಚ್ಚಳದೊಳಗೆ ರಬ್ಬರ್ ವಾಷರ್ ಇದೆಯೇ, ಬಿಚ್ಚಿ ತೊಳೆಯಬಹುದೇ, ಬೇರೆ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಬಾಟಲಿಯ ಬಾಯಿ ಬ್ರಷ್ ಹೋಗುವಷ್ಟು ಅಗಲ ಇರಲಿ. ಗಾಜಾದರೆ ತೊಳೆಯಲು ಸುಲಭ, ಬಿದ್ದರೆ ಒಡೆಯುತ್ತದೆ. ಪ್ಲಾಸ್ಟಿಕ್ ಆದರೆ ಒತ್ತಿದಾಗ ಒಳಗೆ ಹೋಗದಷ್ಟು ಗಟ್ಟಿ ಇರಬೇಕು, ಯಾಕೆಂದರೆ ಮೆತ್ತಗಿನ ಬಾಟಲಿಗೆ ಮೊಲ ಮೈ ತಾಗಿಸಿದಾಗಲೆಲ್ಲ ನೀರು ಚೆಲ್ಲುತ್ತದೆ. ಒಂದು ಮೊಲಕ್ಕೆ 500 ಮಿ.ಲೀ. ಸಾಕು. ಎರಡು ಮೊಲ ಒಟ್ಟಿಗಿದ್ದರೆ ಒಂದು ಲೀಟರಿನ ಒಂದು ಬಾಟಲಿಗಿಂತ ಅರ್ಧ ಲೀಟರಿನ ಎರಡು ಬಾಟಲಿ, ಗೂಡಿನ ಎರಡು ಮೂಲೆಯಲ್ಲಿ. ಜೋರಿನ ಮೊಲ ಒಂದನ್ನು ಕಾಯುತ್ತ ಕೂತರೆ ಇನ್ನೊಂದಕ್ಕೆ ದಾರಿ ಇರುತ್ತದೆ.

ಬಾಟಲಿಯನ್ನು ಗೂಡಿನ ಹೊರಗೆ ಕಟ್ಟಿ, ನಳಿಗೆ ಮಾತ್ರ ತಂತಿಬಲೆಯೊಳಗೆ ಬರಲಿ. ನಳಿಗೆ ಕೆಳಮುಖವಾಗಿ ಓರೆಯಾಗಿರಬೇಕು. ಅಡ್ಡವಾಗಿದ್ದರೆ ಗುಂಡು ತನ್ನ ಜಾಗದಲ್ಲಿ ಕೂರದೆ ಸೋರುತ್ತದೆ. ಎತ್ತರ, ಮೊಲ ನಾಲ್ಕು ಕಾಲಿನ ಮೇಲೆ ನಿಂತು ಮೂತಿಯನ್ನು ತುಸು ಮೇಲೆತ್ತಿದರೆ ಸಿಗುವಷ್ಟು. ನಳಿಗೆಯ ತುದಿ ಹುಲ್ಲಿಗೋ ಹಾಸಿಗೋ ತಾಗಿದರೆ ಗುಂಡು ಒತ್ತಿಹೋಗಿ ರಾತ್ರಿಯೊಳಗೆ ಬಾಟಲಿ ಖಾಲಿ, ಹಾಸು ಒದ್ದೆ. ಮೊಲ ಮೂತ್ರ ಮಾಡುವ ಮೂಲೆ ಬಿಟ್ಟು ಗೂಡಿನ ಬೇರೆ ಕಡೆ ಒದ್ದೆಯಿದ್ದರೆ ಮೂತ್ರವೆಂದು ಸುಮ್ಮನಾಗಬೇಡಿ, ಒಮ್ಮೆ ನೋಡಿ.

ಸೋರುತ್ತಿದ್ದರೆ ಹೀಗೆ ಹುಡುಕಿ. ಮುಚ್ಚಳ ಬಿಚ್ಚಿ ವಾಷರ್ ಮಡಚಿದೆಯೇ, ಸೀಳಿದೆಯೇ ನೋಡಿ. ಬಾಟಲಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳಗೆ ಹೋಗಿ ನೀರು ನಿಲ್ಲುವುದಿಲ್ಲ. ಅಂಥ ಬಾಟಲಿಯನ್ನು ಅಂಟು ಹಾಕಿ ಉಳಿಸಬೇಡಿ, ಎಸೆಯಿರಿ. ಇವೆರಡೂ ಸರಿ ಇದ್ದು, ಬೆಳಗ್ಗೆ ಸುಮ್ಮನಿದ್ದ ಬಾಟಲಿ ಮಧ್ಯಾಹ್ನ ಮಾತ್ರ ತೊಟ್ಟಿಕ್ಕುತ್ತಿದ್ದರೆ ಅದು ಬಿಸಿಲಿನ ಕೆಲಸ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಹೆಚ್ಚು, ಬಿಸಿಯಾಗಿ ಅದು ಹಿಗ್ಗಿ ನೀರನ್ನು ಹೊರಕ್ಕೆ ನೂಕುತ್ತದೆ. ನೆರಳಿಗೆ ಸರಿಸಿ, ಬಾಯಿಮಟ್ಟ ತುಂಬಿಸಿಡಿ. ಹೊಸದಾಗಿ ತುಂಬಿ ತಿರುಗಿಸಿದಾಗ ನಾಲ್ಕೈದು ಹನಿ ಬೀಳುವುದು ಸಹಜ, ಒತ್ತಡ ಹೊಂದಿಕೊಂಡ ಮೇಲೆ ನಿಲ್ಲುತ್ತದೆ. ನಿಲ್ಲದೇ ಇದ್ದರೆ ಗುಂಡಿನ ಅಂಚಿನಲ್ಲಿ ಹುಲ್ಲಿನ ಎಳೆ ಅಥವಾ ಬಿಳಿ ಪದರ ಸಿಕ್ಕಿಕೊಂಡಿರುತ್ತದೆ.

ಈ ಬಿಳಿ ಪದರ ಬೋರ್‌ವೆಲ್ ನೀರಿನ ಊರುಗಳಲ್ಲಿ ತಪ್ಪಿದ್ದಲ್ಲ. ಸೋರಿಕೆಯಷ್ಟೇ ಅಲ್ಲ, ಗುಂಡು ಕಚ್ಚಿಕೊಂಡು ನೀರು ನಿಲ್ಲುವುದಕ್ಕೂ ಅದೇ ಸಾಮಾನ್ಯ ಕಾರಣ. ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ನಳಿಗೆಯನ್ನು ಅರ್ಧ ಗಂಟೆ ಮುಳುಗಿಸಿಡಿ. ಗುಂಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿರುಗಿಸುತ್ತ ಉಜ್ಜಿ, ಹುಳಿ ವಾಸನೆ ಹೋಗುವವರೆಗೆ ತೊಳೆಯಿರಿ. ವಾಸನೆ ಉಳಿದರೆ ಕೆಲವು ಮೊಲಗಳು ಮೂಗು ತಿರುಗಿಸುತ್ತವೆ.

ದಿನಾ ಬೆಳಗ್ಗೆ ಉಳಿದ ನೀರು ಚೆಲ್ಲಿ, ಬಾಟಲಿ ಕುಲುಕಿ ತೊಳೆದು, ಮನೆಮಂದಿ ಕುಡಿಯುವ ನೀರನ್ನೇ ತುಂಬಿ. ಮೇಲಿಂದ ಮೇಲೆ ಸುರಿದು ಭರ್ತಿ ಮಾಡುವ ಅಭ್ಯಾಸ ಬೇಡ. ವಾರಕ್ಕೆ ಎರಡು ಸಲ ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಬಾಟಲಿ ಬ್ರಷ್. ನಳಿಗೆಯೊಳಗೆ ಸಣ್ಣ ಬ್ರಷ್ ಹೋಗಲೇಬೇಕು, ಲೋಳೆ ಕಟ್ಟುವುದು ಅಲ್ಲೇ. ಬೆರಳಿಗೆ ಜಾರುವಂತೆ ತಾಗಿದರೆ ತೊಳೆದದ್ದು ಸಾಲದು ಎಂದರ್ಥ. ಬ್ರಷ್ ತಲುಪದ ಮೂಲೆಗೆ ಒಂದು ಚಮಚ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿದರೆ ಪಾಚಿ ಬಿಡುತ್ತದೆ. ಪಾಚಿ ಪದೇ ಪದೇ ಬಂದರೆ ಬಾಟಲಿಗೆ ಬೆಳಕು ತಾಗುತ್ತಿದೆ, ಬಟ್ಟೆ ಸುತ್ತಿ. ಫಿನಾಯಿಲ್ ಮಾತ್ರ ಹತ್ತಿರ ತರಬೇಡಿ. ನೀರಿಗೆ ವಿಟಮಿನ್ ಹನಿ ಹಾಕುವುದೂ ಬೇಡ. ರುಚಿ ಬದಲಾದರೆ ಮೊಲ ಕುಡಿಯುವುದನ್ನೇ ಬಿಡಬಹುದು, ಸಿಹಿ ಇದ್ದರೆ ಲೋಳೆ ಬೇಗ ಕಟ್ಟುತ್ತದೆ.

ತುಂಬಿ ಕಟ್ಟಿದ ಮೇಲೆ ಬೆರಳಿನಿಂದ ಗುಂಡನ್ನು ನಾಲ್ಕೈದು ಸಲ ಒತ್ತಿ. ಬೆರಳು ಒದ್ದೆಯಾಗಬೇಕು, ಮೇಲೆ ಗುಳ್ಳೆ ಏರುವುದು ಕಾಣಬೇಕು. ಎರಡರಲ್ಲಿ ಒಂದು ಆಗದಿದ್ದರೂ ಬಿಚ್ಚಿ ನೋಡಿ. ನೀರಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಮರುದಿನ ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ಕುಡಿಯುವುದು ದಿಢೀರನೆ ಕಡಿಮೆಯಾದರೆ ಮೊದಲು ಗುಂಡು, ಆಮೇಲೆ ಮೊಲದ ಹಲ್ಲು ನೋಡಬೇಕು. ಸೆಕೆ ಇಲ್ಲದೆಯೂ ದುಪ್ಪಟ್ಟು ಕುಡಿಯುತ್ತಿದ್ದರೆ ಮೂತ್ರಪಿಂಡದ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಿ.

ಇಷ್ಟೆಲ್ಲ ಹೇಳಿದರೂ, ಬಾಟಲಿಯೊಂದನ್ನೇ ನಂಬಿ ಮೊಲ ಸಾಕುವುದು ನಮಗೆ ಒಪ್ಪಿಗೆಯಿಲ್ಲ. ಬಟ್ಟಲಿನಿಂದ ತಲೆ ಬಗ್ಗಿಸಿ ಕುಡಿಯುವುದೇ ಅದರ ಸಹಜ ರೀತಿ, ಬಟ್ಟಲಿದ್ದಾಗ ಹೆಚ್ಚು ನೀರನ್ನೂ ಕುಡಿಯುತ್ತದೆ. ಮಗುಚದಷ್ಟು ಭಾರದ ಪಿಂಗಾಣಿ ಬಟ್ಟಲು ಒಂದು ಜೊತೆಗಿರಲಿ. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆಯಲ್ಲಂತೂ ಅದು ಬೇಕೇಬೇಕು. ಮೊಲ ಬೆವರುವುದಿಲ್ಲ, 30 ಡಿಗ್ರಿ ದಾಟಿತೆಂದರೆ ಅದಕ್ಕೆ ಕಷ್ಟ. ಬಟ್ಟಲಿನ ತಾಪತ್ರಯ ಎಂದರೆ ಹುಲ್ಲು, ಹಿಕ್ಕೆ ಬೀಳುವುದು, ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಬೇಕಾಗುವುದು. ಹೆಣ್ಣು ಮೊಲದ ಗದ್ದದ ಕೆಳಗಿನ ಜೋಲು ಚರ್ಮ ಸದಾ ಒದ್ದೆಯಾಗಿ ಹುಣ್ಣಾದರೆ ಅಂಥದ್ದಕ್ಕೆ ಅಗಲ ಕಡಿಮೆಯಿರುವ ಬಟ್ಟಲು ಕೊಡಿ, ಇಲ್ಲವೇ ಗಾಯ ಒಣಗುವವರೆಗೆ ಬಾಟಲಿಯನ್ನೇ ಮುಂದುವರಿಸಿ.

ಹೊಸ ಮೊಲಕ್ಕೆ ಬಾಟಲಿ ಗೊತ್ತಿರದಿದ್ದರೆ ನಳಿಗೆಯ ತುದಿಗೆ ಒಂಚೂರು ಬಾಳೆಹಣ್ಣು ಸವರಿ. ನೆಕ್ಕುವಾಗ ನೀರು ಬರುವುದು ತಿಳಿಯುತ್ತದೆ. ಕಲಿತ ಕೂಡಲೇ ಹಣ್ಣು ತೊಳೆದುಬಿಡಿ. ಕಲಿಯುವವರೆಗೆ ಬಟ್ಟಲು ತೆಗೆಯಬೇಡಿ. 12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮೂಲೆಯಲ್ಲಿ ಮುದುರಿ ಕೂತಿದ್ದರೆ ಸಿರಿಂಜಿನಲ್ಲಿ ಬಲವಂತವಾಗಿ ನೀರು ಹಿಂಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆ ಹೊತ್ತಿಗೇ ಪಶುವೈದ್ಯರ ಬಳಿ ಕರೆದೊಯ್ಯಿರಿ, ಹಿಂದಿನ ಎರಡು ದಿನ ಬಾಟಲಿಯಲ್ಲಿ ಎಷ್ಟು ನೀರು ಇಳಿದಿತ್ತು ಎಂಬುದನ್ನೂ ಹೇಳಿ.