ಕೋಳಿ ಶೆಡ್ಡು, ಮೂಡುಗಾಳಿ, ಕೆಳಮನೆಯವರ ಕೆಮ್ಮು: ನನ್ನ ಅನುಭವ

ಬ್ರಾಯ್ಲರ್ ಶೆಡ್ಡಿನ ನಾತಕ್ಕೆ ಸುಣ್ಣವೇ ಮದ್ದು ಎಂದು ನಂಬಿದವರ ನಡುವೆ ನಾನು ಬೇರೆಯದೇ ಮಾತನ್ನು ಹೇಳತೊಡಗಿದ್ದೆ. ಕೋಳಿ ಇರುವಷ್ಟು ದಿನ ಸುಣ್ಣವನ್ನು ಒಳಗೆ ತರದೆ, ಹಾಸನ್ನು (ಕೋಳಿಗಳ ಕೆಳಗೆ ನೆಲದಲ್ಲಿ ಹರಡುವ ಹುಡಿಯ ಪದರ) ಬೆಳಗಿನ ಹೊತ್ತು ಕೆದಕದೆ, ಆಟಿ ತಿಂಗಳ ಮಳೆಯಲ್ಲಿಯೂ ಶೆಡ್ಡಿನ ಬದಿಯ ಪರದೆಯನ್ನು ಪೂರ್ತಿ ಮುಚ್ಚದೆ ಸಾಕಬಹುದು ಎಂದಾಗ ಒಪ್ಪಿದವರು ಯಾರೂ ಇರಲಿಲ್ಲ. ಮರಿ ಕೊಡುವ ಕಂಪೆನಿಯ ಸೂಪರ್‌ವೈಸರ್ ಇದು ನಡೆಯದು ಎಂದು ಮುಖಕ್ಕೇ ಹೇಳಿದರು. ಹತ್ತಿರದ ಸಾಕಣೆಗಾರರು, ಮಳೆಗಾಲದ ಒಂದು ಬ್ಯಾಚು ಕಳೆಯಲಿ, ಆಮೇಲೆ ನೋಡೋಣ ಎಂದರು. ಈಗ ಎರಡು ಮಳೆಗಾಲಗಳು ಕಳೆದಿವೆ, ಅವುಗಳಿಗಿಂತ ಕಷ್ಟದ ಎರಡು ಚಳಿಗಾಲಗಳೂ ಕಳೆದಿವೆ. ಶೆಡ್ಡಿನಲ್ಲಿ ಸಾವು ಕಡಿಮೆಯಾಗಿದೆ, ಕೆಳಮನೆಯಿಂದ ದೂರು ಬರುವುದು ನಿಂತಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಶೆಡ್ಡು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎಣ್ಮಕಜೆಯ ಒಂದು ಗುಡ್ಡೆಯ ಇಳಿಜಾರಿನಲ್ಲಿದೆ. 3,000 ಕೋಳಿ ಹಿಡಿಯುವ, ಸುಮಾರು 3,300 ಚದರಡಿಯ ತೆರೆದ ಶೆಡ್ಡು. ಅದರ ಪಡುವಣಕ್ಕೆ, ತುಸು ಕೆಳಗೆ ನಮ್ಮ ಮನೆ, ಮನೆಯ ಕೆಳಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ನೆರೆಮನೆ. ಆ ಮನೆಯ ಹಿರಿಯರೊಬ್ಬರಿಗೆ ಮೊದಲಿನಿಂದಲೇ ದಮ್ಮಿನ ತೊಂದರೆಯಿದೆ. ಧನು ತಿಂಗಳು ಬಂದಿತೆಂದರೆ ಅವರಿಗೆ ಕೆಮ್ಮು ಕಫಕ್ಕೆ ತಿರುಗಿ, ಆಂಟಿಬಯೋಟಿಕ್ ಇಲ್ಲದೆ ಇಳಿಯುತ್ತಿರಲಿಲ್ಲ. ನನ್ನ ಮಗನಿಗೂ ಅದೇ ತಿಂಗಳುಗಳಲ್ಲಿ ರಾತ್ರಿಯ ಕೆಮ್ಮು ಬರುತ್ತಿತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಇನ್ನೂ ನೆನಪಿನಲ್ಲಿರುವ ಊರು ಇದು. 2000ದ ತನಕ ನಡೆದ ಆ ಸಿಂಪಡಣೆಯ ಫಲವನ್ನು ಕಣ್ಣಾರೆ ಕಂಡವರಿಗೆ, ಗಾಳಿಯಲ್ಲಿ ಬರುವುದರಿಂದ ಏನೂ ಆಗುವುದಿಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ ಎಂದು ನಾನು ಅಂದೇ ತೀರ್ಮಾನಿಸಿದ್ದೆ.

ಪಶುವೈದ್ಯಕೀಯ ಓದುತ್ತಿರುವ ತಂಗಿಯ ಮಗಳು ನೆದರ್ಲೆಂಡ್ಸಿನ ಸಂಗತಿಯನ್ನು ಹೇಳಿದ್ದು ಇದೇ ಸಮಯದಲ್ಲಿ. ಅಲ್ಲಿನ ಸರಕಾರ ಮಾಡಿಸಿದ ಅಧ್ಯಯನದ ವರದಿಗಳು 2016ರಿಂದ ಹೊರಬಂದಿದ್ದು, ಕೋಳಿ ಫಾರ್ಮುಗಳಿಂದ ಸುಮಾರು 1 ಕಿಲೋಮೀಟರ್ ಹಾಗೂ ಆಡಿನ ಫಾರ್ಮುಗಳಿಂದ ಸುಮಾರು 2 ಕಿಲೋಮೀಟರ್ ಒಳಗೆ ವಾಸಿಸುವವರಲ್ಲಿ ನ್ಯುಮೋನಿಯಾ ಹೆಚ್ಚಾಗಿ ಕಂಡುಬಂದಿದೆಯಂತೆ. ಗಾಳಿಯಲ್ಲಿ ಅಮೋನಿಯಾ ಹೆಚ್ಚಿದ್ದ ದಿನಗಳಲ್ಲಿ ಜನರ ಉಸಿರಿನ ಬಲವೇ ಕುಗ್ಗಿದೆ, ಶ್ವಾಸಕೋಶದ ಹಳೆಯ ರೋಗವಿದ್ದವರ ತೊಂದರೆ ಇನ್ನೂ ಬಿಗಡಾಯಿಸಿದೆ. ಅಲ್ಲಿನ ಫಾರ್ಮುಗಳ ಗಾತ್ರಕ್ಕೂ ನಮ್ಮದಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಅವರು ಕಿಲೋಮೀಟರಿನ ಲೆಕ್ಕದಲ್ಲಿ ಮಾತನಾಡುತ್ತಿರುವಾಗ ನಮ್ಮ ಮನೆ ಶೆಡ್ಡಿನಿಂದ ನೂರು ಮೀಟರ್ ದೂರವೂ ಇಲ್ಲ. ನಮ್ಮಲ್ಲಿ ಹಕ್ಕಿಜ್ವರದ ಸುದ್ದಿ ಬಂದಾಗ ಮಾತ್ರ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ, ದಿನವೂ ಒಳಗೆ ಹೋಗುವ ಹುಡಿ ಮತ್ತು ಅಮೋನಿಯಾದ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಹಣ ಕಳೆದುಕೊಂಡ ಪ್ರಯೋಗಗಳನ್ನು ಮೊದಲು ಹೇಳಿಬಿಡುತ್ತೇನೆ. ಮಂಜು ಚಿಮ್ಮಿಸುವ ಫಾಗರ್ ಮತ್ತು ಎರಡು ಫ್ಯಾನುಗಳಿಗೆ ಹದಿನೆಂಟು ಸಾವಿರದ ಹತ್ತಿರ ಖರ್ಚಾಯಿತು. ಹುಡಿ ಕೂರುತ್ತದೆ ಎಂದು ಮಾರಿದವರು ಹೇಳಿದ್ದರು, ಬೇಸಗೆಯಲ್ಲಿ ಕೂತದ್ದೂ ಹೌದು. ಜೂನ್ ಬಂದ ಮೇಲೆ ಗಾಳಿಯಲ್ಲೇ ನೀರು ತುಂಬಿರುವಾಗ ಅದು ಹಾಸನ್ನು ಕೆಸರು ಮಾಡಿತು, ಅಮೋನಿಯಾ ಇಮ್ಮಡಿಯಾಯಿತು. ಶೆಡ್ಡಿನ ಸುತ್ತ ದಟ್ಟವಾದ ನೆರಳುಬಲೆ ಕಟ್ಟಿದ್ದಕ್ಕೆ ಒಂಬತ್ತು ಸಾವಿರ ಹೋಯಿತು. ಬಲೆ ಹುಡಿಯನ್ನು ತಡೆಯಿತು, ಅದರೊಂದಿಗೆ ಗಾಳಿಯನ್ನೂ ತಡೆಯಿತು, ಏಪ್ರಿಲ್ ತಿಂಗಳ ಸೆಕೆಯಲ್ಲಿ ಒಂದೇ ಮಧ್ಯಾಹ್ನ ನೂರರಷ್ಟು ಕೋಳಿಗಳು ಸತ್ತವು. ಬಾಟಲಿಯಲ್ಲಿ ಬರುವ ಸೂಕ್ಷ್ಮಾಣು ದ್ರಾವಣವನ್ನು ಬೆಲ್ಲದ ನೀರಿನಲ್ಲಿ ಬೆಳೆಸಿ ಕೆಲವು ಬ್ಯಾಚುಗಳಿಗೆ ಸಿಂಪಡಿಸಿದೆ. ಒಣ ಹಾಸಿನ ಮೇಲೆ ಅದು ತುಸು ಉಪಕಾರ ಮಾಡಿರಬಹುದು, ಒದ್ದೆ ಹಾಸಿನ ಮೇಲೆ ಏನನ್ನೂ ಮಾಡಲಿಲ್ಲ. ಅಡಿಕೆ ಸಿಪ್ಪೆಯನ್ನು ಯಂತ್ರದಲ್ಲಿ ಕತ್ತರಿಸಿ ಹಾಸಾಗಿ ಬಳಸುವ ಯೋಚನೆ ಈ ಊರಿನ ಪ್ರತಿಯೊಬ್ಬ ಸಾಕಣೆಗಾರನಿಗೂ ಒಮ್ಮೆ ಬರುತ್ತದೆ, ಏಕೆಂದರೆ ಅದು ದುಡ್ಡಿಲ್ಲದೆ ಸಿಗುತ್ತದೆ. ಪೂರ್ತಿ ಒಣಗದ ಸಿಪ್ಪೆಗೆ ಬೂಷ್ಟು ಹಿಡಿದು, ಮೊದಲ ವಾರದಲ್ಲೇ ಮರಿಗಳು ಬಾಯಿ ತೆರೆದು ಉಸಿರಾಡತೊಡಗಿದವು. ಬೂಷ್ಟಿನಿಂದ ಬರುವ ಮರಿಗಳ ನ್ಯುಮೋನಿಯಾಕ್ಕೆ ಮದ್ದು ಹುಡುಕುವುದು ದಂಡ. ಅದೇ ಬೂಷ್ಟಿನ ಹುಡಿಯನ್ನು ಕೆದಕುವ ಕೆಲಸದವನೂ ಉಸಿರಾಡುತ್ತಾನೆ ಎಂಬುದನ್ನು ಮರೆಯಬಾರದು.

ನಿಜವಾದ ದಾರಿ ತೆರೆದದ್ದು ಅಮೋನಿಯಾ ಮೀಟರ್ ಕೊಂಡ ಮೇಲೆ. ಕೈಯಲ್ಲಿ ಹಿಡಿಯುವ ಅಗ್ಗದ ಮೀಟರಿಗೆ ಆರೇಳು ಸಾವಿರ ಆಯಿತು, ಈ ಕಸುಬಿನಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಅದೇ. ದಿನವೂ ಒಳಗಿರುವ ನಮ್ಮ ಮೂಗು ಮರಗಟ್ಟಿರುತ್ತದೆ, ಹೊರಗಿನವರು ಬಾಗಿಲಲ್ಲೇ ಕಣ್ಣುಜ್ಜಿಕೊಳ್ಳುವಾಗಲೂ ನಮಗೆ ಏನೂ ಅನ್ನಿಸುವುದಿಲ್ಲ. ಮೀಟರನ್ನು ನಿಂತ ಎತ್ತರದಲ್ಲಿ ಹಿಡಿಯಬಾರದು, ಹಾಸಿನಿಂದ ಒಂದು ಗೇಣು ಮೇಲೆ, ಕೋಳಿಯ ತಲೆಯ ಮಟ್ಟದಲ್ಲಿ ಹಿಡಿಯಬೇಕು. ಯುರೋಪಿನ ಒಕ್ಕೂಟ 2007ರ ನಿರ್ದೇಶನದಲ್ಲಿ, ಕೋಳಿಗಳನ್ನು ಹೆಚ್ಚು ಒತ್ತಾಗಿ ಸಾಕುವ ಶೆಡ್ಡುಗಳಿಗೆ ಆ ಎತ್ತರದಲ್ಲಿ 20 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 20 ಪಾಲು ಅಮೋನಿಯಾ) ಎಂಬ ಮಿತಿಯನ್ನು ಹಾಕಿದೆ. ನನ್ನ ಶೆಡ್ಡಿನಲ್ಲಿ ನಾಲ್ಕನೆಯ ವಾರದ ಬೆಳಗಿನ ಜಾವ ಅದು 30ರ ಮೇಲಿತ್ತು, ಸುಣ್ಣ ಎರಚಿ ಕೆದಕಿದ ಅರ್ಧ ಗಂಟೆಯಲ್ಲಿ 45 ದಾಟಿತು. ಸುಣ್ಣ ಹಾಸಿನ ಕ್ಷಾರಗುಣವನ್ನು ಏರಿಸುತ್ತದೆ, ಕ್ಷಾರ ಏರಿದಾಗ ಹಿಕ್ಕೆಯಲ್ಲಿ ಅಡಗಿರುವ ಅಮೋನಿಯಾ ಹೊರನುಗ್ಗುತ್ತದೆ. ಸುಣ್ಣಕ್ಕೆ ಅದರದೇ ಜಾಗವಿದೆ, ಅದು ಖಾಲಿ ಶೆಡ್ಡಿನ ನೆಲ ಮತ್ತು ಗೋಡೆ.

ಮೀಟರನ್ನು ಮನೆಯ ಅಂಗಳಕ್ಕೂ ನೆರೆಮನೆಯ ಗೇಟಿನ ತನಕವೂ ಒಯ್ದೆ. ಅಷ್ಟು ದೂರದಲ್ಲಿ ಅಗ್ಗದ ಮೀಟರು ಹೆಚ್ಚು ಏನನ್ನೂ ತೋರಿಸುವುದಿಲ್ಲವಾದರೂ, ನಾತ ಯಾವ ಹೊತ್ತಿಗೆ ಎಲ್ಲಿಗೆ ಇಳಿಯುತ್ತದೆ ಎಂದು ಬರೆದಿಡುವ ಅಭ್ಯಾಸ ಅದರಿಂದಲೇ ಆಯಿತು. ಹಗಲು ಕಡಲ ಕಡೆಯಿಂದ ಬರುವ ಗಾಳಿ ಶೆಡ್ಡಿನ ನಾತವನ್ನು ಗುಡ್ಡೆಯ ಮೇಲಕ್ಕೆ ಒಯ್ಯುತ್ತದೆ, ಅಲ್ಲಿ ಮನೆಗಳಿಲ್ಲ. ಸೂರ್ಯ ಮುಳುಗಿದ ಮೇಲೆ ಗುಡ್ಡೆಯ ತಂಪು ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಧನು, ಮಕರ ತಿಂಗಳುಗಳಲ್ಲಿ ಮೂಡುಗಾಳಿಯೂ ಕೂಡಿಕೊಂಡು ಬೆಳಗಿನ ಎಂಟು ಗಂಟೆಯವರೆಗೆ ಎಲ್ಲವೂ ತೋಟದ ಬಯಲಿನಲ್ಲಿ ನಿಂತುಬಿಡುತ್ತದೆ. ನಾವೆಲ್ಲ ಹಾಸು ಕೆದಕುವುದು ತಂಪು ಹೊತ್ತೆಂದು ಬೆಳಗ್ಗೆ ಆರಕ್ಕೆ, ಅಂದರೆ ಕೆಳಮನೆಯವರಿಗೆ ಅತ್ಯಂತ ಕೆಟ್ಟ ಹೊತ್ತಿಗೆ. ಈಗ ನಾನು ಕೆದಕುವುದು ಹಗಲು ಹನ್ನೊಂದರಿಂದ ಎರಡರೊಳಗೆ, ಗಾಳಿ ಎದ್ದ ಮೇಲೆ. ಸೆಕೆಗೆ ಕೋಳಿ ಬಳಲುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಿದೆ: ಇಡೀ ಶೆಡ್ಡನ್ನು ಒಂದೇ ದಿನ ಕೆದಕಬಾರದು, ನಾಲ್ಕು ಪಾಲು ಮಾಡಿ ದಿನಕ್ಕೊಂದು ಪಾಲು ಕೆದಕಬೇಕು, ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಮಾತ್ರ ಹತ್ತು ಗಂಟೆಗೆ ಮುಗಿಸಬೇಕು.

ಎರಡನೆಯದು ನೀರು. ಹಾಸಿನ ಒದ್ದೆಯಲ್ಲಿ ಹೆಚ್ಚಿನ ಪಾಲು ಮಳೆಯದಲ್ಲ, ಗಂಟೆಯಾಕಾರದ ನೀರುಪಾತ್ರೆಯಿಂದ ಚೆಲ್ಲಿದ್ದು. ಕೋಳಿ ಕೊಕ್ಕಿನಿಂದ ಒತ್ತಿದಾಗ ಮಾತ್ರ ನೀರು ಬಿಡುವ ನಿಪ್ಪಲ್ ಪೈಪುಗಳಿಗೆ ಬದಲಾಯಿಸಲು ನಲವತ್ತೈದು ಸಾವಿರದಷ್ಟಾಯಿತು, ಒಂದು ಬ್ಯಾಚಿಗೆ ಕಂಪೆನಿ ಕೊಡುವ ಸಾಕಣೆ ಕೂಲಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಮನೆಯಲ್ಲಿ ಇದಕ್ಕೆ ದೊಡ್ಡ ವಿರೋಧವಿತ್ತು. ಆದರೆ ಹಾಸಾಗಿ ಹಾಕುವ ತೆಂಗಿನ ನಾರಿನ ಹುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆ ಕಟ್ಟಬಾರದು, ಹಾಗೆಂದು ಕೈಗೆ ಅಂಟದೆ ಹಾರಲೂಬಾರದು ಎಂಬ ಹದ ಮಳೆಗಾಲದಲ್ಲಿಯೂ ಉಳಿಯತೊಡಗಿದ್ದು ಅದರ ನಂತರವೇ. ಆ ಹದ ಸುಮಾರು ನೂರಕ್ಕೆ 25 ಪಾಲು ತೇವ. ಅದಕ್ಕಿಂತ ಹೆಚ್ಚಾದರೆ ಅಮೋನಿಯಾ, ತೀರ ಕಡಿಮೆಯಾದರೆ ಹುಡಿ, ಎರಡೂ ಎದೆಗೆ ಕೆಡುಕೇ. ನಾರಿನ ಹುಡಿಯನ್ನು ಒಂಟಿಯಾಗಿ ಹಾಕುವುದಕ್ಕಿಂತ ದಪ್ಪ ಮರದ ಹುಡಿಯೊಂದಿಗೆ ಬೆರೆಸಿದರೆ ಹಾರುವುದು ಕಡಿಮೆ.

ಸುಣ್ಣದ ಬದಲಿಗೆ ಹಾಸನ್ನು ಹುಳಿಯ ಕಡೆಗೆ ತಿರುಗಿಸುವ ವಸ್ತು ಬೇಕು. ಮೊದಲು ಪಟಿಕದ ಹುಡಿ ಬಳಸಿದೆ, ಫಲ ಚೆನ್ನಾಗಿತ್ತು, ಬೆಲೆ ಹೆಚ್ಚಾಯಿತು. ಈಗ ತೋಟಕ್ಕೆ ಹಾಕುವ ಸೂಪರ್ ಫಾಸ್ಫೇಟನ್ನೇ ಬಳಸುತ್ತೇನೆ. ಮರಿ ಬರುವ ಮೊದಲು ಹಾಸಿನ ಕೆಳಪದರಕ್ಕೆ ಬೆರೆಸುತ್ತೇನೆ, ಬಳಿಕ ಬ್ಯಾಚಿನ ನಡುವೆ ಇನ್ನೊಮ್ಮೆ ಹಾಕುತ್ತೇನೆ. ಎಷ್ಟು, ಯಾವ ದಿನ, ಅದರೊಂದಿಗೆ ಬೆರೆಸುವ ಇನ್ನೊಂದು ವಸ್ತು ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಶೆಡ್ಡಿನ ನೆಲ ಮತ್ತು ಕೋಳಿಯ ಒತ್ತು ನೋಡಿ ಬದಲಾಗುತ್ತದೆ, ಅದನ್ನು ಕಂಡುಕೊಳ್ಳಲು ನಾನು ಕೊಟ್ಟ ಬೆಲೆಯೂ ಸಣ್ಣದಲ್ಲ. ಇಷ್ಟನ್ನು ಹೇಳಬಲ್ಲೆ: ನಾಲ್ಕನೆಯ ವಾರದ ಬೆಳಗಿನ ಅಳತೆ ಈಗ 12ರಿಂದ 15ರ ನಡುವೆ ನಿಲ್ಲುತ್ತದೆ, ಅದನ್ನು ನೋಡಿದ ಸೂಪರ್‌ವೈಸರ್ ತಮ್ಮ ಮೀಟರನ್ನೇ ತಂದು ಮತ್ತೊಮ್ಮೆ ಅಳೆದು ಹೋದರು.

ಮಳೆಗಾಲದ ಪರದೆಯ ವಿಚಾರ ಚಿಕ್ಕದು. ಪರದೆಯನ್ನು ಮಾಡಿಗೆ (ಛಾವಣಿಗೆ) ಕಟ್ಟಿ ಕೆಳಗೆ ಬಿಡುವ ಬದಲು ಕೆಳಗಿನಿಂದ ಮೇಲಕ್ಕೆ ಎಳೆಯುವಂತೆ ಕಟ್ಟಿ, ಎಂಥ ಮಳೆಯಿದ್ದರೂ ಮೇಲೆ ಒಂದಡಿ ತೆರೆದಿಡಬೇಕು. ಎರಚಲು ಒಳಗೆ ಬಾರದಿರಲು ಮಾಡಿನ ಅಂಚನ್ನು ಐದಡಿ ಹೊರಗೆ ಚಾಚಿದ್ದೇನೆ.

ಮರಗಿಡದ ತಡೆಬೇಲಿಗೆ ಹೆಚ್ಚು ಸಮಯ ಹಿಡಿಯಿತು. ಅಡಿಕೆ ತೋಟವೇ ತಡೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅಡಿಕೆಯ ಸೋಗೆ ಮೇಲಿದೆ, ಶೆಡ್ಡಿನ ಗಾಳಿ ಹರಿಯುವುದು ಬರಿಯ ಕಾಂಡಗಳ ನಡುವೆ. ಹಸಿರೆಲೆ ಗೊಬ್ಬರದ ಗಿಡವಾದ ಗ್ಲಿರಿಸೀಡಿಯಾ ನೆಟ್ಟೆ. ಮಳೆಗಾಲದಲ್ಲಿ ಗೋಡೆಯಂತೆ ಬೆಳೆದ ಅದು ಮೂಡುಗಾಳಿ ಬೀಸುವ ಜನವರಿಯಲ್ಲಿಯೇ ಎಲೆ ಉದುರಿಸಿ ಬರಿದಾಯಿತು. ಈಗ ಶೆಡ್ಡಿನಿಂದ ಹದಿನೈದು ಅಡಿ ಬಿಟ್ಟು ಎರಡು ಸಾಲು ನೇಪಿಯರ್ ಹುಲ್ಲು, ಅದರಾಚೆ ಒಂದು ಸಾಲು ದಾಸವಾಳ ಇದೆ. ಎರಡೂ ಸಾಲುಗಳನ್ನು ಒಟ್ಟಿಗೆ ಕೊಯ್ಯುವುದಿಲ್ಲ. ಶೆಡ್ಡಿನ ಕಡೆಯ ಸಾಲಿನ ಹುಲ್ಲನ್ನು ದನಗಳಿಗೆ ಹಾಕದೆ ಅಡಿಕೆಯ ಬುಡಕ್ಕೆ ಹಾಕುತ್ತೇನೆ. ಬೇಸಗೆಯಲ್ಲಿ ಬೆಳಗಿನ ಹೊತ್ತು ಆ ಎಲೆಗಳ ಮೇಲೆ ಕೈಯಾಡಿಸಿದರೆ ಬೂದು ಹುಡಿ ಅಂಟುತ್ತದೆ. ಅಷ್ಟು ಹುಡಿ ಮೊದಲು ಕೆಳಗಿನ ಮನೆಗಳಿಗೆ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ, ಬ್ಯಾಚು ಮುಗಿದ ಮೇಲೆ ಹಳೆಯ ಹಾಸನ್ನು ಗೊಬ್ಬರವಾಗಿ ಚೀಲಕ್ಕೆ ತುಂಬುವ ದಿನವೊಂದು ಉಳಿಯುತ್ತದೆ, ಆ ಒಂದು ದಿನದ ಹುಡಿ ಇಡೀ ಬ್ಯಾಚಿನ ಹುಡಿಗೆ ಸಮ. ಹಿಂದಿನ ಸಂಜೆ ಹಾಸಿನ ಮೇಲೆ ಹಗುರವಾಗಿ ನೀರು ಚಿಮುಕಿಸಿ, ಮರುದಿನ ಹಗಲು ಗಾಳಿ ಮೇಲ್ಮುಖವಾಗಿರುವಾಗಲೇ ಚೀಲ ತುಂಬಿಸುತ್ತೇನೆ. ಕೆಲಸದವರಿಗೆ ಎನ್95 ಮಾಸ್ಕ್ ಕೊಡುತ್ತೇನೆ, ಬೈರಾಸು (ಟವೆಲು) ಕಟ್ಟಿಕೊಂಡರೆ ಸಾಕು ಎಂಬ ಮಾತನ್ನು ಒಪ್ಪುವುದಿಲ್ಲ. ನೆರೆಮನೆಗೆ ಹಿಂದಿನ ದಿನವೇ ತಿಳಿಸಿ, ಆ ಹಿರಿಯರು ಅಂದು ಬಾಗಿಲು ಕಿಟಕಿ ಮುಚ್ಚಿಕೊಳ್ಳುವಂತೆ ಕೇಳಿಕೊಳ್ಳುತ್ತೇನೆ. ನೀರು ಚಿಮುಕಿಸಿದರೆ ತೂಕ ಹೆಚ್ಚುತ್ತದೆ ಎಂದು ಗೊಬ್ಬರ ಕೊಳ್ಳುವವರು ಮೊದಲು ಜಗಳವಾಡಿದರು. ಚೀಲಕ್ಕೆ ಹತ್ತು ರೂಪಾಯಿ ಇಳಿಸಿದೆ. ಸೂಪರ್ ಫಾಸ್ಫೇಟಿನ ರಂಜಕ ಸೇರಿದ ಗೊಬ್ಬರವೆಂದು ತಿಳಿದ ಮೇಲೆ ಅವರೇ ಆ ಹತ್ತು ರೂಪಾಯಿಯನ್ನು ಮತ್ತೆ ಏರಿಸಿದರು.

ಶೆಡ್ಡಿನ ತುದಿಯಲ್ಲಿ ಕಟ್ಟುತ್ತಿದ್ದ ಮಲಬಾರಿ ಆಡುಗಳ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ನೆದರ್ಲೆಂಡ್ಸಿನಲ್ಲಿ 2007ರಿಂದ 2010ರವರೆಗೆ ಹಾಲಿನ ಆಡುಗಳ ಫಾರ್ಮುಗಳಿಂದ ಕ್ಯೂ ಜ್ವರ ಹರಡಿ 4,000ಕ್ಕೂ ಹೆಚ್ಚು ಜನರಿಗೆ ತಗಲಿತ್ತು, ಅವರಲ್ಲಿ ಅನೇಕರಿಗೆ ನ್ಯುಮೋನಿಯಾ ಆಗಿತ್ತು. ಕಂದು ಹಾಕಿದ ಮತ್ತು ಈದ ಆಡಿನ ಮಾಸು, ನೀರುಗಳಲ್ಲಿರುವ ರೋಗಾಣು ಒಣಗಿ ಹುಡಿಯಾಗಿ ಗಾಳಿಯಲ್ಲಿ ಸಾಗುತ್ತದೆ. ಇದನ್ನು ಕೇಳಿದ ಮೇಲೆ ಈಯುವ ಆಡುಗಳಿಗೆ ಗುಡ್ಡೆಯ ಆಚೆ ಬದಿಯಲ್ಲಿ ಬೇರೆ ಕೊಟ್ಟಿಗೆ ಮಾಡಿದೆ. ಮಾಸನ್ನು ನಾಯಿ ಎಳೆಯದಷ್ಟು ಆಳದಲ್ಲಿ ಹೂಳುತ್ತೇನೆ, ಕೈಗವಸು ಮತ್ತು ಮಾಸ್ಕ್ ಇಲ್ಲದೆ ಈಯಿಸಲು ಹೋಗುವುದಿಲ್ಲ, ಮನೆಯ ಬಸುರಿ ಹೆಂಗಸರನ್ನು ಅತ್ತ ಬಿಡುವುದಿಲ್ಲ.

ಕಳೆದೆರಡು ಚಳಿಗಾಲಗಳಲ್ಲಿ ನೆರೆಮನೆಯ ಹಿರಿಯರಿಗೆ ಎದೆಯ ಸೋಂಕು ಒಮ್ಮೆ ಮಾತ್ರ ಬಂದಿತ್ತು. ಇನ್‌ಹೇಲರ್ ಇಂದಿಗೂ ಇದೆ, ಅದನ್ನು ಬಿಡಬಾರದೆಂದು ನಾನೇ ಅವರಿಗೆ ಹೇಳಿದ್ದೇನೆ. ಎರಡು ಮನೆಗಳ ಅನುಭವದಿಂದ ವೈದ್ಯಶಾಸ್ತ್ರದ ತೀರ್ಮಾನ ಮಾಡಲಾಗದು. ಕೋಳಿಗಳ ಲೆಕ್ಕ ಮಾತ್ರ ಸ್ಪಷ್ಟವಾಗಿದೆ: ನೂರಕ್ಕೆ ಆರರಷ್ಟಿದ್ದ ಸಾವು ಮೂರರ ಆಸುಪಾಸಿಗೆ ಇಳಿದಿದೆ, ಉಸಿರಾಟದ ಮದ್ದಿನ ಖರ್ಚು ಅರ್ಧವಾಗಿದೆ, ಪೈಪಿಗೆ ಹಾಕಿದ ಹಣ ವರ್ಷದೊಳಗೆ ಹಿಂದಕ್ಕೆ ಬಂದಿದೆ. ಅಮೋನಿಯಾ ಉಸಿರುನಾಳದ ಕಾವಲನ್ನು ಕುಂದಿಸಿ ರೋಗಾಣುಗಳಿಗೆ ದಾರಿ ಬಿಡುವುದು ಕೋಳಿಯಲ್ಲಿ ಹೇಗೋ ಮನುಷ್ಯನಲ್ಲಿಯೂ ಹಾಗೆಯೇ. ಆದ್ದರಿಂದ ಒಂದರ ಲಾಭದಲ್ಲಿ ಇನ್ನೊಂದರ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ರಾತ್ರಿ ಕೋಳಿ ಹಿಡಿದು ಲಾರಿಗೆ ತುಂಬುವಾಗ ಏಳುವ ರೆಕ್ಕೆಹುಡಿಗೆ ಇನ್ನೂ ದಾರಿ ಸಿಕ್ಕಿಲ್ಲ. ಲಾರಿಯ ಸಮಯ ನನ್ನ ಕೈಯಲ್ಲಿಲ್ಲ, ಲಾರಿ ನಿಲ್ಲುವ ಜಾಗವನ್ನು ಗುಡ್ಡೆಯ ಕಡೆಗೆ ಬದಲಾಯಿಸಲು ಕೆಂಪುಕಲ್ಲು ಕಡಿಸಬೇಕು, ಅದಕ್ಕೆ ಮೂವತ್ತು ಸಾವಿರ ಕೇಳಿದ್ದಾರೆ. ಬರುವ ಬೇಸಗೆಯಲ್ಲಿ ಆ ಕೆಲಸ ಮಾಡಿಸುತ್ತೇನೆ. ಶೆಡ್ಡನ್ನು ನೋಡಬಯಸುವ ಸಾಕಣೆಗಾರರು ಹಗಲು ಹನ್ನೊಂದರ ನಂತರ ಬರಬಹುದು. ಬೇರೆ ಶೆಡ್ಡಿನಿಂದ ನೇರವಾಗಿ ಬರಬಾರದು, ಮಿಂದು ಬಟ್ಟೆ ಬದಲಾಯಿಸಿ ಬರಬೇಕು, ಚಪ್ಪಲಿ ನಾನು ಕೊಡುತ್ತೇನೆ.